ಗಣಕಯಂತ್ರ ಬಂದರೆ ಸಾಲದು, ನಡೆಸುವವರಿಗೆ ತರಬೇತಿ ಬೇಕು



ಅಡಿಕೆಯ ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಕ್ಕ ಮದ್ದೆಂಬುದು ನಿಮಗೆಲ್ಲ ತಿಳಿದ ವಿಷಯ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಸುಲಭ. ಆದರೆ ಬೆರೆಸುವ ಕ್ರಮ ತಪ್ಪಿದರೆ, ಮಳೆ ಹಿಡಿಯುವ ಮೊದಲು ಕೊನೆಗಳಿಗೆ ತಲುಪದಿದ್ದರೆ, ಮದ್ದು ಒಳ್ಳೆಯದಾಗಿದ್ದೂ ಕೊಳೆ ನಿಲ್ಲುವುದಿಲ್ಲ. ಸರ್ಕಾರಿ ಕಚೇರಿಗಳಿಗೆ ಬಂದಿರುವ ಗಣಕಯಂತ್ರದ ಮಾತೂ ಹೀಗೆಯೇ. ಯಂತ್ರ ಒಳ್ಳೆಯದು, ತಂತ್ರಾಂಶವೂ ಒಳ್ಳೆಯದು. ಆದರೆ ಅದನ್ನು ನಡೆಸುವ ಅಧಿಕಾರಿ, ಅವರ ಮೇಲೆ ಕಣ್ಣಿಡಬೇಕಾದ ಜನಪ್ರತಿನಿಧಿ, ಇಬ್ಬರೂ ಅದರ ಮರ್ಮ ಅರಿಯದಿದ್ದರೆ ರೈತನ ಅಲೆದಾಟ ತಪ್ಪುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಬೆಳೆಗಾರರಿಗೆ ಇದು ದೂರದ ವಿಷಯವಲ್ಲ. ಪಹಣಿ, ಬೆಳೆ ಸಾಲ, ಬೆಳೆ ವಿಮೆ, ಮಳೆಹಾನಿ ಪರಿಹಾರ, ಸಹಾಯಧನ ಇವೆಲ್ಲ ಇಂದು ಗಣಕಯಂತ್ರದ ಮೂಲಕವೇ ಬರತಕ್ಕವು. ಆದ್ದರಿಂದ ಆಡಳಿತಗಾರರಿಗೆ ಎಂಥ ತರಬೇತಿ ಬೇಕು, ಅದರಲ್ಲಿ ನಮ್ಮ ಪಾಲಿನ ಕೆಲಸವೇನು ಎಂಬುದನ್ನು ತಿಳಿದಿರುವುದು ಒಳ್ಳೆಯದು.

‘ಭೂಮಿ’ ಕಲಿಸಿದ ಪಾಠ

ಈ ವಿಷಯದಲ್ಲಿ ನಮ್ಮ ರಾಜ್ಯವೇ ದೇಶಕ್ಕೆ ದಾರಿ ತೋರಿದೆ. ಮೊದಲು ಪಹಣಿಯೆಂದರೆ ಗ್ರಾಮ ಲೆಕ್ಕಿಗರ ಕೈಬರಹದ ದಫ್ತರ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಈ ದಫ್ತರಗಳಿದ್ದವು. ಅವರು ಊರಿನಲ್ಲಿ ಸಿಕ್ಕರೆ ಪಹಣಿ, ಇಲ್ಲವಾದರೆ ಮತ್ತೊಂದು ದಿನದ ಕೂಲಿ ನಷ್ಟ. ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ‘ಭೂಮಿ’ ಯೋಜನೆಯನ್ನು ಕೈಗೊಂಡಿತು. ಶ್ರೀ ರಾಜೀವ್ ಚಾವ್ಲಾ ಅವರು ಇದರ ಹೊಣೆ ಹೊತ್ತಿದ್ದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಕೈಬರಹದ ಪಹಣಿಗಿದ್ದ ಕಾನೂನಿನ ಮಾನ್ಯತೆಯನ್ನು ತಾಲ್ಲೂಕುವಾರು ರದ್ದುಪಡಿಸಲಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಯಂತ್ರ ಕೊಂಡು ತಂದ ಮಾತ್ರಕ್ಕೆ ಈ ಕೆಲಸ ಆಗಲಿಲ್ಲ. ಸಾವಿರಕ್ಕೂ ಮಿಕ್ಕಿದ ಹಿರಿಯ ಮತ್ತು ಮಧ್ಯಮ ದರ್ಜೆಯ ಅಧಿಕಾರಿಗಳನ್ನು ಕಾರ್ಯಾಗಾರಗಳಿಗೆ ಕರೆದು ಕಲಿಸಲಾಯಿತು. ಕಿಟಕಿಯಲ್ಲಿ ಕುಳಿತು ಕೆಲಸ ಮಾಡಲು ಗ್ರಾಮ ಲೆಕ್ಕಿಗರ ಹುದ್ದೆಗೆ ಹೊಸದಾಗಿ ಸೇರಿದ ಯುವಕರನ್ನೇ ತಯಾರು ಮಾಡಲಾಯಿತು. ಅಧಿಕಾರಿಯ ಬೆರಳಿನ ಗುರುತು ಇಲ್ಲದೆ ದಾಖಲೆ ತಿದ್ದಲು ಬರದಂತೆ ಬಂದೋಬಸ್ತು ಮಾಡಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಯಂತ್ರದೊಳಗೇ ಇಡಲಾಯಿತು. ಅಂದರೆ ಮೇಲಿನವರು ಮೊದಲು ಕಲಿತರು, ಕೆಲಸದ ಕ್ರಮ ಬದಲಾಯಿತು, ಅನಂತರ ಯಂತ್ರ ದುಡಿಯಿತು. ‘ಭೂಮಿ’ಯ ಯಶಸ್ಸಿಗೆ ಈ ಅನುಕ್ರಮವೇ ಕಾರಣ.

ಮುಂದೆ ಹಲವು ಸೇವೆಗಳು ಬಂದವು. 2012ರ ಏಪ್ರಿಲ್ 2ರಿಂದ ‘ಸಕಾಲ’ ಕಾಯಿದೆ ರಾಜ್ಯದಾದ್ಯಂತ ಜಾರಿಯಾಯಿತು. 2022ರ ಜನವರಿ 26ರಂದು ‘ಗ್ರಾಮ ಒನ್’ ಕೇಂದ್ರಗಳು 12 ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ವಿಸ್ತಾರಗೊಂಡವು. ರೈತರ ನೋಂದಣಿಗೆ ‘ಫ್ರೂಟ್ಸ್’, ಬೆಳೆ ವಿಮೆಗೆ ‘ಸಂರಕ್ಷಣೆ’, ಪ್ರಕೃತಿ ವಿಕೋಪದ ಪರಿಹಾರಕ್ಕೆ ‘ಪರಿಹಾರ’ ಎಂಬ ತಂತ್ರಾಂಶಗಳಾದವು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಮೊಬೈಲಿನಿಂದ ಬೆಳೆಯ ಚಿತ್ರ ತೆಗೆದು ಸಮೀಕ್ಷೆಗೆ ಸೇರಿಸುವ ಅವಕಾಶ ದೊರೆಯಿತು.

ಒಂದು ಎಕರೆ ತೋಟದ ಉದಾಹರಣೆ

ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ಹಬ್ಬುತ್ತದೆ. ಒಂದು ಎಕರೆ ಅಡಿಕೆ ತೋಟವುಳ್ಳ ಬೆಳೆಗಾರನನ್ನು ಊಹಿಸಿಕೊಳ್ಳಿ. ಇತ್ತೀಚಿನ ವರ್ಷಗಳ ಅಧಿಸೂಚನೆಗಳಂತೆ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ರೈತನ ವಂತಿಗೆ ಶೇಕಡಾ 5, ಎಂದರೆ 6,400 ರೂಪಾಯಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 51,200 ರೂಪಾಯಿ ವಿಮೆಗೆ 2,560 ರೂಪಾಯಿ ಕಟ್ಟಬೇಕಾಗುತ್ತದೆ.

ಆತ ತನ್ನ ಸೇವಾ ಸಹಕಾರಿ ಸಂಘದಲ್ಲಿ ಹಣ ಕಟ್ಟಿದ. ಆದರೆ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದ್ದ ಒಂದು ಸರ್ವೆ ನಂಬರು ಅವನ ರೈತ ಗುರುತಿನ ಸಂಖ್ಯೆಗೆ ಸೇರಿರಲಿಲ್ಲ. ತೋಟದಲ್ಲಿ ಕಾಳುಮೆಣಸೂ ಇತ್ತು. ಸಮೀಕ್ಷೆಗೆ ಬಂದವರು ಅಡಿಕೆಯನ್ನು ಮಾತ್ರ ಬರೆದು ಹೋದರು, ಮಿಶ್ರ ಬೆಳೆಯನ್ನು ಬರೆಯಲಿಲ್ಲ. ಈಗ ಮೆಣಸಿನ ವಿಮೆ ಸಮೀಕ್ಷೆಯೊಡನೆ ತಾಳೆಯಾಗುವುದಿಲ್ಲ. ಯಂತ್ರಕ್ಕೆ ಬಳ್ಳಿ ಕಾಣದು, ಅಂಕಿ ಮಾತ್ರ ಕಾಣುತ್ತದೆ. ಸಂಘಕ್ಕೆ ಹೋದರೆ ತೋಟಗಾರಿಕೆ ಇಲಾಖೆಯನ್ನು ಕೇಳಿ ಎನ್ನುವರು. ಅಲ್ಲಿ ಕಂದಾಯದವರ ಕಡೆ ಕೈ ತೋರಿಸುವರು. ಕಂದಾಯದವರು ತಂತ್ರಾಂಶ ಒಪ್ಪುತ್ತಿಲ್ಲ ಎನ್ನುವರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಈಗ ಪೂಜಾರಿಯ ಜಾಗಕ್ಕೆ ಯಂತ್ರ ಬಂದಂತಾಯಿತು.

ಇನ್ನೊಂದು ವಿಷಯ. ನಮ್ಮ ಭಾಗದ ಅಡಿಕೆ, ಕಾಳುಮೆಣಸಿನ ವಿಮೆ ಹವಾಮಾನ ಆಧಾರಿತ. ತೋಟದಲ್ಲಿ ಎಷ್ಟು ಕಾಯಿ ಉದುರಿತೆಂದು ಯಾರೂ ಎಣಿಸುವುದಿಲ್ಲ. ಗ್ರಾಮ ಪಂಚಾಯತಿ ಮಟ್ಟದ ಮಳೆ ಮಾಪನ ಯಂತ್ರದ ಅಂಕಿಯ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಮಾಪಕ ಕೆಟ್ಟು ನಿಂತರೆ ಊರಿಗೆಲ್ಲ ನಷ್ಟ. ಕೆಟ್ಟ ಮಾಪಕಗಳ ಕುರಿತು ಈ ಜಿಲ್ಲೆಯ ಬೆಳೆಗಾರರು ದನಿ ಎತ್ತಿದ್ದುಂಟು. ಮಾಪಕ ನಡೆಯುತ್ತಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ವಿಚಾರಿಸಬೇಕೆಂಬ ತಿಳಿವಳಿಕೆ ಪಂಚಾಯತಿ ಅಧ್ಯಕ್ಷರಿಗೆ ಇದ್ದಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು.

ಆಡಳಿತಗಾರರು ಕಲಿಯಬೇಕಾದುದು ಏನು?

ತರಬೇತಿಯೆಂದರೆ ಗುಂಡಿ ಒತ್ತಲು ಕಲಿಯುವುದು ಎಂದು ಹಲವರು ತಿಳಿದಿದ್ದಾರೆ. ಗುಂಡಿ ಒತ್ತುವ ಕೆಲಸಕ್ಕೆ ಗಣಕ ಸಹಾಯಕರಿದ್ದಾರೆ. ತಹಸೀಲ್ದಾರರು, ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗಳು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಚುನಾಯಿತ ಅಧ್ಯಕ್ಷರು, ಸಹಕಾರಿ ಸಂಘದ ಕಾರ್ಯದರ್ಶಿಗಳು ಕಲಿಯಬೇಕಾದುದು ಬೇರೆ.

1. ಬಾಕಿ ಪಟ್ಟಿ ಓದುವುದು. ಎಷ್ಟು ಅರ್ಜಿ ಬಂತು, ಯಾವುದು ಯಾರ ಮೇಜಿನಲ್ಲಿ ಎಷ್ಟು ದಿನದಿಂದ ನಿಂತಿದೆ ಎಂಬುದನ್ನು ತಂತ್ರಾಂಶವೇ ಹೇಳುತ್ತದೆ. ವಾರಕ್ಕೊಮ್ಮೆ ಅದನ್ನು ನೋಡುವ ಅಧಿಕಾರಿಯ ಕಚೇರಿಯಲ್ಲಿ ಕಡತ ಕೊಳೆಯದು.

2. ಕೆಲಸದ ದಾರಿಯನ್ನು ಕಿರಿದು ಮಾಡುವುದು. ಹತ್ತು ಸಹಿ ಬೇಕಾಗಿದ್ದ ಕಾಗದವನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಹತ್ತು ಕಡೆ ಗುಂಡಿ ಒತ್ತಬೇಕಾಗುತ್ತದೆ, ಅಷ್ಟೆ. ಯೂರೋಪಿನ ಎಸ್ಟೋನಿಯಾ ಎಂಬ ಸಣ್ಣ ದೇಶದಲ್ಲಿ, ಸರ್ಕಾರ ಒಮ್ಮೆ ಪಡೆದ ಮಾಹಿತಿಯನ್ನು ಪ್ರಜೆಯಿಂದ ಮತ್ತೆ ಕೇಳಬಾರದೆಂಬ ತತ್ವವನ್ನು ಅನುಸರಿಸುತ್ತಾರೆ. ನಮ್ಮಲ್ಲಿಯೂ ‘ಫ್ರೂಟ್ಸ್’ ತಂತ್ರಾಂಶ ‘ಭೂಮಿ’ಯಿಂದಲೇ ಜಮೀನಿನ ವಿವರ ಪಡೆಯಬಲ್ಲದು. ಹೀಗಿರುವಾಗ ಪ್ರತಿ ಯೋಜನೆಗೂ ಪಹಣಿ ಪ್ರತಿ ತನ್ನಿ ಎನ್ನುವ ರೂಢಿ ಬಿಡಬೇಕು.

3. ತಪ್ಪು ತಿದ್ದುವ ದಾರಿ ತಿಳಿಯುವುದು. ಹೆಸರಿನ ಒಂದು ಅಕ್ಷರ, ಗುಂಟೆಯ ಒಂದು ಅಂಕಿ ತಪ್ಪಿದರೆ ಯಾರು, ಎಷ್ಟು ದಿನದಲ್ಲಿ ಸರಿಪಡಿಸಬೇಕೆಂಬುದನ್ನು ಅಧಿಕಾರಿ ಬಾಯಿಪಾಠವಾಗಿ ಬಲ್ಲವರಾಗಿರಬೇಕು. ನಮ್ಮ ಭಾಗದಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ಜಂಟಿ ಖಾತೆ, ಪೋಡಿಯಾಗದ ಹಿಸ್ಸೆ, ‘ಅ’ ಖರಾಬು, ‘ಬ’ ಖರಾಬು ಇವುಗಳ ವ್ಯತ್ಯಾಸ ಅರಿಯದವರು ತೆರೆಯ ಮೇಲಿನ ಒಂದು ಅಕ್ಷರದಿಂದ ಮನೆತನದ ಬೆಟ್ಟವನ್ನೇ ತಕರಾರಿಗೆ ಒಡ್ಡಬಲ್ಲರು.

4. ಯಂತ್ರ ಸೋತಾಗ ಬದಲಿ ವ್ಯವಸ್ಥೆ. ಘಟ್ಟದ ಅನೇಕ ಮಜಿರೆಗಳಲ್ಲಿ ಮಳೆಗಾಲದಲ್ಲಿ ವಿದ್ಯುತ್ತೂ ಇಲ್ಲ, ಸಿಗ್ನಲ್ಲೂ ಇಲ್ಲ. ಸುಣ್ಣ ಮಣ್ಣಿನಲ್ಲಿ ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದೆ ಇರಬಹುದು. ಅಂಥ ಸಂದರ್ಭದಲ್ಲಿ ಮುದುಕರನ್ನು ಮೂರು ಸಲ ಬಸ್ಸು ಹತ್ತಿಸದೆ, ನಿಯಮದಲ್ಲಿರುವ ಬೇರೆ ವಿಧಾನವನ್ನು ಬಳಸುವ ಧೈರ್ಯ ಅಧಿಕಾರಿಗೆ ಬರಬೇಕು.

5. ಕೈಕೆಳಗಿನವರ ಹೊರೆ ಅರಿಯುವುದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಹತ್ತಾರು ತಂತ್ರಾಂಶಗಳ ಕೆಲಸವನ್ನು ತಕ್ಕ ಸಲಕರಣೆ ಇಲ್ಲದೆ ಮಾಡಬೇಕಾಗಿದೆ ಎಂಬುದು ಅವರ ಅಹವಾಲಾಗಿತ್ತು. ಹೊಸ ತಂತ್ರಾಂಶ ತರುವ ಮೇಲಧಿಕಾರಿಗಳು ಹಳೆಯದರಲ್ಲಿ ಯಾವುದನ್ನು ಕೈಬಿಡಬಹುದೆಂದೂ ಯೋಚಿಸಬೇಕು.

ತರಬೇತಿ ಎಲ್ಲಿದೆ?

ಸಂಸ್ಥೆಗಳ ಕೊರತೆ ನಮಗಿಲ್ಲ. ಅಧಿಕಾರಿಗಳಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ, ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಪಂಚಾಯತಿ ಸದಸ್ಯರಿಗೆ ಮೈಸೂರಿನಲ್ಲೇ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇದೆ. ಮೈಸೂರಿಗೆ ಬರಲಾಗದ ಸದಸ್ಯರಿಗಾಗಿ ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಲ್ಲೇ ಪಾಠ ಹೇಳುವ ಕ್ರಮವನ್ನು ಈ ಸಂಸ್ಥೆ ಬಹಳ ಹಿಂದೆಯೇ ರೂಢಿಗೆ ತಂದಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ‘ಕರ್ಮಯೋಗಿ’ ಕಾರ್ಯಕ್ರಮದಲ್ಲಿ ನೌಕರರು ಕುಳಿತಲ್ಲಿಯೇ ಪಾಠ ಓದಿ ಪರೀಕ್ಷೆ ಕೊಡಬಹುದು.

ಆದರೆ ತರಗತಿಯ ಪಾಠ ಒಂದು, ಕ್ಷೇತ್ರದ ಪಾಠ ಇನ್ನೊಂದು. ಹೊಸ ತಳಿಯನ್ನು ಸಂಶೋಧನಾ ಕೇಂದ್ರದಲ್ಲಿ ಬೆಳೆದು ನೋಡಿದ ಮೇಲೂ ರೈತನ ಹೊಲದಲ್ಲಿ ಪ್ರಾತ್ಯಕ್ಷಿಕೆ ಮಾಡದೆ ಶಿಫಾರಸು ಮಾಡುವುದಿಲ್ಲ. ಆಡಳಿತದ ತರಬೇತಿಗೂ ಇದೇ ಕ್ರಮ ಬೇಕು. ಶಿರಸಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಾಗಲಿ, ಹುಲೇಕಲ್, ಬನವಾಸಿ, ಮಂಚಿಕೇರಿಯಂಥ ಕೇಂದ್ರಗಳಲ್ಲಾಗಲಿ ಕಂದಾಯ, ತೋಟಗಾರಿಕೆ, ಕೃಷಿ, ಪಂಚಾಯತಿ, ಸಹಕಾರಿ ಸಂಘಗಳವರು ಒಂದು ದಿನ ಒಂದೇ ಮೇಜಿನ ಸುತ್ತ ಕೂರಲಿ. ರೈತರ ಹತ್ತು ನಿಜವಾದ ಅರ್ಜಿಗಳನ್ನು ಮುಂದಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನಡೆಸಿ ನೋಡಲಿ. ಎಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆಂಬುದು ಆಗಲೇ ಗೊತ್ತಾಗುತ್ತದೆ. ಇದಕ್ಕಿಂತ ಅಗ್ಗದ ತರಬೇತಿ ಬೇರೊಂದಿಲ್ಲ.

ನೀವು ಮಾಡಬೇಕಾದುದು

ಎಲ್ಲ ಹೊಣೆಯನ್ನೂ ಕಚೇರಿಯವರ ಮೇಲೆ ಹೊರಿಸಿ ಕೂರುವುದು ತರವಲ್ಲ. ಕೆಳಗಿನ ಕೆಲಸಗಳನ್ನು ನೀವು ತಪ್ಪದೆ ಮಾಡಬೇಕು.

* ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ನಿಮ್ಮ ಎಲ್ಲ ಸರ್ವೆ ನಂಬರುಗಳ ಪಹಣಿ ತೆಗೆಸಿ ಹೆಸರು, ಕ್ಷೇತ್ರ, ಬೆಳೆ, ಖರಾಬು ಕಲಮುಗಳನ್ನು ಓದಿ ನೋಡಿ.

* ನಿಮ್ಮ ರೈತ ಗುರುತಿನ ಸಂಖ್ಯೆಗೆ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಪರೀಕ್ಷಿಸಿಕೊಳ್ಳಿ.

* ತೀರಿಹೋದ ಹಿರಿಯರ ಹೆಸರಿನಲ್ಲಿರುವ ಜಮೀನಿಗೆ ಪೌತಿ ಖಾತೆ ಮಾಡಿಸಿ. ಸತ್ತವರ ಹೆಸರಿಗೆ ಪರಿಹಾರದ ಹಣ ಜಮೆಯಾಗುವುದಿಲ್ಲ.

* ಬೆಳೆ ಸಮೀಕ್ಷೆಯಲ್ಲಿ ಅಡಿಕೆಯ ಜೊತೆಗೆ ಕಾಳುಮೆಣಸು, ಬಾಳೆ, ಏಲಕ್ಕಿ ಇದ್ದರೆ ಅವೂ ದಾಖಲಾಗಬೇಕು. ‘ಬೆಳೆ ದರ್ಶಕ್’ ತಂತ್ರಾಂಶದಲ್ಲಿ ದಾಖಲಾದುದನ್ನು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ.

* ‘ಸಕಾಲ’ದಡಿ ಬರುವ ಸೇವೆಗೆ ಅರ್ಜಿ ಕೊಟ್ಟಾಗ ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಅವಧಿ ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಇದ್ದರೆ ನಿಮ್ಮ ಅರ್ಜಿ ಕಳೆದುಹೋಯಿತೆಂದು ಯಾರೂ ಹೇಳಲಾರರು.

* ಗುಪ್ತ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಮಗನೋ ಮಗಳೋ ಓದಿದವರಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ನೀವೇ ಕಲಿಯಿರಿ.

ಗ್ರಾಮ ಸಭೆಯಲ್ಲಿ ನಾಲ್ಕು ಪ್ರಶ್ನೆ

ರಸ್ತೆ, ದೀಪ, ನೀರಿನ ಜೊತೆಗೆ ಗ್ರಾಮ ಸಭೆಯಲ್ಲಿ ಈ ಪ್ರಶ್ನೆಗಳನ್ನೂ ಕೇಳಿ. ನಮ್ಮ ಪಂಚಾಯತಿಯ ಮಳೆ ಮಾಪಕ ಸರಿಯಾಗಿ ನಡೆಯುತ್ತಿದೆಯೆ? ಬೆಳೆ ಸಮೀಕ್ಷೆಯ ತಪ್ಪುಗಳೆಷ್ಟು, ತಿದ್ದಿದ್ದು ಎಷ್ಟು? ಪಂಚಾಯತಿಯಲ್ಲಿ ಅವಧಿ ಮೀರಿದ ಅರ್ಜಿಗಳೆಷ್ಟು? ಅಧ್ಯಕ್ಷರೂ ಅಧಿಕಾರಿಗಳೂ ಈ ವರ್ಷ ಯಾವ ತರಬೇತಿ ಪಡೆದರು? ಕೇಳುವವರಿದ್ದಾರೆಂದು ಗೊತ್ತಾದರೆ ಕಲಿಯುವವರೂ ಮುಂದೆ ಬರುತ್ತಾರೆ.

ಕೊಳೆ, ಎಲೆಚುಕ್ಕೆ, ಬೆಲೆಯ ಏರಿಳಿತಗಳಿಂದ ನೊಂದ ತೋಟಿಗನಿಗೆ ನ್ಯಾಯವಾಗಿ ಬರಬೇಕಾದ ಹಣ ಒಂದು ಅಂಕಿಯ ತಪ್ಪಿನಿಂದ ನಿಲ್ಲಬಾರದು. ಯಂತ್ರವನ್ನು ಆಳುವ ವಿದ್ಯೆ ಅಧಿಕಾರಿಗೆ ಬರಲಿ, ಅಧಿಕಾರಿಯನ್ನು ಪ್ರಶ್ನಿಸುವ ವಿದ್ಯೆ ರೈತನಿಗೆ ಬರಲಿ. ಈ ಸಾರಿ ಮಳೆಗಾಲಕ್ಕೆ ಮೈಲುತುತ್ತ, ಸುಣ್ಣ ಹೊಂದಿಸಿಕೊಳ್ಳುವ ವೇಳೆಗೆ ನಿಮ್ಮ ಪಹಣಿಯನ್ನೂ ಒಮ್ಮೆ ಹೊರತೆಗೆದು ಓದಿಕೊಳ್ಳಿ.