ಮೀನುಗಾರಿಕಾ ಬಂದರಿನ ಪುನರಭಿವೃದ್ಧಿ: ದುಡಿಮೆ ನಿಲ್ಲದಂತೆ ಯೋಜಿಸುವ ಬಗೆ

ಹೊಸ ಬಂದರನ್ನು ನಿರ್ಮಿಸುವುದಕ್ಕೂ ದುಡಿಯುತ್ತಿರುವ ಬಂದರನ್ನು ಪುನರಭಿವೃದ್ಧಿಗೊಳಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಜಾಗ ಖಾಲಿಯಿರುತ್ತದೆ. ಎರಡನೆಯದರಲ್ಲಿ ಅದೇ ಜಾಗದಲ್ಲಿ ಪ್ರತಿದಿನ ನಸುಕಿನಿಂದಲೇ ಮೀನಿನ ಹರಾಜು ನಡೆಯುತ್ತಿರುತ್ತದೆ. ದಕ್ಕೆಯ ಕೆಲಸ ಒಂದು ವಾರ ನಿಂತರೂ ನಷ್ಟವು ದೋಣಿ ಮಾಲೀಕರಿಗಷ್ಟೇ ಸೀಮಿತವಾಗದು. ಮಂಜುಗಡ್ಡೆ ಕಾರ್ಖಾನೆ, ಬಲೆಯ ಅಂಗಡಿ, ಎಂಜಿನ್ ದುರಸ್ತಿ ಶಾಲೆ, ಲಾರಿ ಮಾಲೀಕರು, ಬುಟ್ಟಿ ಹೊತ್ತು ಮಾರುವ ಮಹಿಳೆಯರು ಮತ್ತು ರಫ್ತು ಘಟಕಗಳು ಎಲ್ಲರಿಗೂ ಅದರ ಪೆಟ್ಟು ತಗಲುತ್ತದೆ. ಆದುದರಿಂದ ಇಂತಹ ಯೋಜನೆಯಲ್ಲಿ ಏನು ಕಟ್ಟಬೇಕೆಂಬುದರಷ್ಟೇ ಯಾವ ಕ್ರಮದಲ್ಲಿ ಕಟ್ಟಬೇಕೆಂಬುದೂ ಮುಖ್ಯವಾಗುತ್ತದೆ.

ಮಂಗಳೂರಿನ ಉದಾಹರಣೆ

ಮಂಗಳೂರಿನ ಹಳೆ ಬಂದರು ಇದಕ್ಕೆ ಉತ್ತಮ ನಿದರ್ಶನ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಧಾನ ಬಂದರೆಂದು ಘೋಷಿತವಾದ ಬಳಿಕ ದೊಡ್ಡ ಹಡಗುಗಳ ಸರಕು ಅಲ್ಲಿಗೆ ಸಾಗಿತು. ನಗರದೊಳಗಿನ ಹಳೆ ಬಂದರಿನಲ್ಲಿ ಲಕ್ಷದ್ವೀಪದ ವ್ಯಾಪಾರ ಮತ್ತು ಮೀನುಗಾರಿಕೆ ಉಳಿದುಕೊಂಡವು. ಒಂದು ಬದಿಯಲ್ಲಿ ಕಿಕ್ಕಿರಿದ ಬಂದರು ಪೇಟೆ, ಮತ್ತೊಂದು ಬದಿಯಲ್ಲಿ ಗುರುಪುರ ನದಿ, ನದಿಯಾಚೆ ಬೆಂಗ್ರೆಯ ಮರಳು ದಿಣ್ಣೆ. ಸಮುದ್ರಕ್ಕೆ ಹೋಗಬೇಕಾದರೆ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆ ಬಾಗಿಲನ್ನು ದಾಟಬೇಕು. ದಕ್ಕೆಯನ್ನು ಎಷ್ಟೇ ಉದ್ದಗೊಳಿಸಿದರೂ ಅಳಿವೆಯಲ್ಲಿ ಹೂಳು ತುಂಬಿದರೆ ದೋಣಿಗಳು ಭರತಕ್ಕಾಗಿ ಕಾಯಬೇಕಾಗುತ್ತದೆ. ಹೀಗಾಗಿ ಹೂಳೆತ್ತುವುದು ಒಮ್ಮೆ ಮಾಡಿ ಮುಗಿಸುವ ಕಾಮಗಾರಿಯಲ್ಲ. ಇಪ್ಪತ್ತು ವರ್ಷಗಳ ಯೋಜನೆಯಲ್ಲಿ ಅದು ಪುನರಾವರ್ತಿತ ವೆಚ್ಚವಾಗಿ ಮೊದಲೇ ಸೇರಿರಬೇಕು.

ಕಾಮಗಾರಿಗೆ ಬಿಡುವು ಯಾವಾಗ?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿಯೇ ಕಾಮಗಾರಿ ಮುಗಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಅದೇ ಮುಂಗಾರಿನ ಅತಿ ಬಿರುಸಿನ ಕಾಲ. ಕಡಲು ಪ್ರಕ್ಷುಬ್ಧವಾಗಿದ್ದು, ನದಿಯಲ್ಲಿ ನೆರೆಯಿದ್ದು, ಹೂಳೆತ್ತುವುದಾಗಲಿ ನೀರಿನೊಳಗೆ ಕಂಬ ಇಳಿಸುವುದಾಗಲಿ ದುಸ್ತರ. ಮೇಲಾಗಿ ಎಲ್ಲ ದೋಣಿಗಳೂ ದಡಕ್ಕೆ ಬಂದು ನಿಲ್ಲುವುದರಿಂದ ಬಂದರು ಅತ್ಯಂತ ಕಿಕ್ಕಿರಿದಿರುವುದೂ ಆಗಲೇ. ಕಾಮಗಾರಿಗೆ ಹವಾಮಾನ ಅನುಕೂಲವಾಗಿರುವ ತಿಂಗಳುಗಳಲ್ಲಿ ಮೀನಿನ ವಹಿವಾಟು ಭರದಿಂದ ಸಾಗುತ್ತಿರುತ್ತದೆ.

ಈ ಇಕ್ಕಟ್ಟಿಗೆ ಪರಿಹಾರ ಹಂತ ಹಂತದ ನಿರ್ಮಾಣ. ಮೊದಲು ಹೊಸ ದಕ್ಕೆಯ ಒಂದು ಭಾಗವನ್ನು ಕಟ್ಟಿ, ನೀರು, ವಿದ್ಯುತ್, ರಸ್ತೆಗಳನ್ನು ಒದಗಿಸಿ, ವ್ಯಾಪಾರವನ್ನು ಅಲ್ಲಿಗೆ ಸ್ಥಳಾಂತರಿಸಬೇಕು. ಅನಂತರವಷ್ಟೇ ಹಳೆಯ ಭಾಗವನ್ನು ಕೆಡವಬೇಕು. ಈ ಕ್ರಮ ತಲೆಕೆಳಗಾದರೆ ತಾತ್ಕಾಲಿಕ ವ್ಯವಸ್ಥೆಯೇ ವರ್ಷಗಟ್ಟಲೆ ಉಳಿದುಬಿಡುವ ಅಪಾಯವಿದೆ.

ಉದ್ದಕ್ಕಿಂತ ವೇಗ ಮುಖ್ಯ

ದಕ್ಕೆಯ ಸಾಮರ್ಥ್ಯವನ್ನು ಅದರ ಉದ್ದದಿಂದಷ್ಟೇ ಅಳೆಯಲಾಗದು. ಉದಾಹರಣೆಗೆ, 300 ಮೀಟರ್ ದಕ್ಕೆಯಲ್ಲಿ ದೋಣಿಯೊಂದಕ್ಕೆ 22 ಮೀಟರ್ ಜಾಗ ನೀಡಿದರೆ ಏಕಕಾಲಕ್ಕೆ 13 ದೋಣಿಗಳು ನಿಲ್ಲಬಹುದು. ಮೀನು ಇಳಿಸಲು ತಲಾ 3 ಗಂಟೆ ಹಿಡಿದರೆ 12 ಗಂಟೆಗಳಲ್ಲಿ 52 ದೋಣಿಗಳ ಕೆಲಸವಾಗುತ್ತದೆ. ಅದೇ ಕೆಲಸ 2 ಗಂಟೆಗಳಲ್ಲಿ ಮುಗಿದರೆ 78 ದೋಣಿಗಳಿಗೆ ಅವಕಾಶ ದೊರೆಯುತ್ತದೆ. ಇದಕ್ಕಾಗಿ ಮೀನು ಇಳಿಸುವ ಸ್ಥಳ, ಡೀಸೆಲ್ ಮತ್ತು ಮಂಜುಗಡ್ಡೆ ತುಂಬಿಸುವ ಸ್ಥಳ, ವಿಶ್ರಾಂತಿಯ ತಂಗುದಾಣ ಹಾಗೂ ದುರಸ್ತಿಯ ಸ್ಥಳಗಳನ್ನು ಪ್ರತ್ಯೇಕಿಸುವುದು ಅಗತ್ಯ. ದಟ್ಟಣೆಯಿಂದ ಸುರಕ್ಷತೆಗೂ ಧಕ್ಕೆಯುಂಟು. 2023ರ ನವೆಂಬರ್‌ನಲ್ಲಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಬೆಂಕಿಯು ಒತ್ತಾಗಿ ನಿಂತಿದ್ದ ದೋಣಿಗಳಿಗೆ ಹಬ್ಬಿ ಹತ್ತಾರು ದೋಣಿಗಳು ಸುಟ್ಟುಹೋದವು. ಅಗ್ನಿಶಾಮಕ ನೀರಿನ ಕೊಳವೆ ಹಾಗೂ ದೋಣಿಗಳ ಸಾಲುಗಳ ನಡುವಿನ ತೆರವು ನಕ್ಷೆಯಲ್ಲಿಯೇ ಇರತಕ್ಕದ್ದು.

ದಕ್ಕೆಯ ಹಿಂದಿನ ಜಮೀನು

ಯೋಜನೆಗಳಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವುದು ದಕ್ಕೆಯ ಹಿಂಬದಿಯ ಜಮೀನು. ಸಣ್ಣ ಉದ್ಯಮಿಗಳ ನೆಲೆ ಇರುವುದು ಅಲ್ಲಿಯೇ. ನದಿತೀರದ ಜಮೀನಿನ ಬೆಲೆ ಏರಿದಂತೆ ವಿಹಾರಪಥ, ಉಪಾಹಾರ ಗೃಹ ಮುಂತಾದ ಬೇಡಿಕೆಗಳು ಹುಟ್ಟುವುದು ಸ್ವಾಭಾವಿಕ. ಆದರೆ ಮಂಜುಗಡ್ಡೆ ಕಾರ್ಖಾನೆಯನ್ನು ದೂರಕ್ಕೆ ಸಾಗಿಸಿದರೆ ಸಾಗಣೆ ವೆಚ್ಚವೂ ಕರಗುವ ನಷ್ಟವೂ ಮೀನಿನ ಬೆಲೆಗೆ ಸೇರುತ್ತವೆ.

ರಫ್ತಿನ ದೃಷ್ಟಿಯಿಂದಲೂ ಈ ಜಾಗ ಅಮೂಲ್ಯ. 1997ರಲ್ಲಿ ಯುರೋಪ್ ಒಕ್ಕೂಟವು ನೈರ್ಮಲ್ಯದ ಕೊರತೆಯ ಕಾರಣ ನೀಡಿ ಭಾರತದ ಮತ್ಸ್ಯೋತ್ಪನ್ನಗಳ ಆಮದನ್ನು ತಾತ್ಕಾಲಿಕವಾಗಿ ತಡೆದಿತ್ತು. 2010ರಿಂದ ಆ ಮಾರುಕಟ್ಟೆಗೆ ಹೋಗುವ ಕಡಲ ಮೀನಿಗೆ ಹಿಡುವಳಿ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ತೊಳೆಯಬಲ್ಲ ನೆಲದ ಹರಾಜು ಪ್ರಾಂಗಣ, ಶುದ್ಧ ನೀರು, ತ್ಯಾಜ್ಯನೀರಿನ ಸಂಸ್ಕರಣೆ, ದಾಖಲಾತಿ ಕೊಠಡಿ ಇವೆಲ್ಲ ಇಂದು ಮಾರುಕಟ್ಟೆಯ ಪ್ರವೇಶಪತ್ರಗಳೇ ಆಗಿವೆ.

ಹಣಕಾಸು ಮತ್ತು ವರ್ತಕರ ಪಾತ್ರ

ನಿರ್ಮಾಣಕ್ಕೆ ಹಣದ ಮಾರ್ಗಗಳು ತೆರೆದುದುಂಟು. 2018-19ರಲ್ಲಿ ಕೇಂದ್ರವು 7,522 ಕೋಟಿ ರೂಪಾಯಿಗಳ ಮೀನುಗಾರಿಕಾ ಮೂಲಸೌಕರ್ಯ ನಿಧಿಯನ್ನು ರೂಪಿಸಿತು. 2020ರಲ್ಲಿ ಮತ್ಸ್ಯ ಸಂಪದಾ ಯೋಜನೆ ಆರಂಭವಾಯಿತು. 2021-22ರ ಮುಂಗಡಪತ್ರದಲ್ಲಿ ಕೊಚ್ಚಿ, ಚೆನ್ನೈ, ವಿಶಾಖಪಟ್ಟಣ, ಪಾರಾದೀಪ್ ಮತ್ತು ಪೇಟುವಾಘಾಟ್ ಬಂದರುಗಳ ಅಭಿವೃದ್ಧಿಯನ್ನು ಪ್ರಕಟಿಸಲಾಯಿತು. ತಾಂತ್ರಿಕ ಸಲಹೆಗೆ ಮೀನುಗಾರಿಕಾ ಕರಾವಳಿ ಎಂಜಿನಿಯರಿಂಗ್‌ನ ಕೇಂದ್ರ ಸಂಸ್ಥೆಯು ಬೆಂಗಳೂರಿನಲ್ಲಿಯೇ ಇದೆ. ಆದರೆ ಕಟ್ಟಿದ ಮೇಲಿನ ನಿರ್ವಹಣೆಗೆ ಶುಲ್ಕದಿಂದ ಬರುವ ಆದಾಯದ ಒಂದಂಶವನ್ನು ಪ್ರತ್ಯೇಕವಾಗಿ ಕಾದಿರಿಸದಿದ್ದರೆ ಉಪ್ಪುನೀರು ಕಾಂಕ್ರೀಟನ್ನು ತಿನ್ನುತ್ತದೆ, ಹೂಳು ಮರಳುತ್ತದೆ.

ಬಂದರನ್ನು ಅವಲಂಬಿಸಿದ ವರ್ತಕರು ಕರಡು ನಕ್ಷೆಯ ಹಂತದಲ್ಲಿಯೇ ನಾಲ್ಕು ವಿಷಯಗಳನ್ನು ಲಿಖಿತವಾಗಿ ಕೇಳುವುದು ಲೇಸು: ಹಾಲಿ ಗುತ್ತಿಗೆದಾರರಿಗೆ ಪರ್ಯಾಯ ಸ್ಥಳ ಯಾವುದು, ಸ್ಥಳಾಂತರದ ದಿನಾಂಕ ಯಾವುದು, ಹೂಳೆತ್ತುವ ವೆಚ್ಚ ಯಾರದು, ನಿರ್ವಹಣಾ ಸಮಿತಿಯಲ್ಲಿ ಬಳಕೆದಾರರಿಗೆ ಸ್ಥಾನವಿದೆಯೇ. ತಮ್ಮ ವಾರ್ಷಿಕ ವಹಿವಾಟು, ಬೇಕಾಗುವ ಜಾಗ, ನೀರು ಮತ್ತು ವಿದ್ಯುತ್ತಿನ ಅಂಕಿಅಂಶಗಳನ್ನೂ ಜೊತೆಗಿರಿಸಬೇಕು. ನಕ್ಷೆ ಅಂತಿಮಗೊಂಡು ಗುತ್ತಿಗೆ ನೀಡಿದ ಮೇಲೆ ಬರುವ ಆಕ್ಷೇಪಣೆಗಳಿಂದ ಕಾಮಗಾರಿ ವಿಳಂಬವಾಗಬಹುದೇ ಹೊರತು ನಕ್ಷೆ ಸುಧಾರಿಸುವುದು ಅಪರೂಪ.