ಖಡ್ಗಮೃಗದ ಕಾಡಿನಲ್ಲಿ ಕಾಲ್ನಡಿಗೆ

ಕಾಡು ನೋಡಲು ಹೋದವರು ವಾಹನದಿಂದ ಕೆಳಗಿಳಿಯಬಾರದು. ಇದು ನಮಗೆಲ್ಲ ಗೊತ್ತಿರುವ ನಿಯಮ. ಆದರೆ ದಕ್ಷಿಣ ಆಫ್ರಿಕಾದ ಹ್ಲುಹ್ಲುವೆ-ಇಮ್ಫೊಲೋಜಿ ಅಭಯಾರಣ್ಯದ ಒಂದು ಭಾಗದಲ್ಲಿ ರಸ್ತೆಗಳೇ ಇಲ್ಲ. ಅಲ್ಲಿ ನಡೆದೇ ನೋಡಬೇಕು!

ಒಂದು ಕಾಲಕ್ಕೆ ಜುಲು ದೊರೆಗಳ ಬೇಟೆಯ ತಾಣವಾಗಿದ್ದ ಈ ಕಾಡಿಗೆ 1895ರಲ್ಲಿ ರಕ್ಷಣೆ ದೊರೆಯಿತು. ಈಗಿನ ವಿಸ್ತಾರ ಸುಮಾರು 960 ಚದರ ಕಿ.ಮೀ. ವನಪಾಲಕ ಇಯಾನ್ ಪ್ಲೇಯರ್ ಮತ್ತು ಅವರ ಜುಲು ಸಂಗಾತಿ ಮಗ್ಕುಬು ಎನ್‌ಟೊಂಬೆಲಾ 1959ರಲ್ಲಿ ಇಲ್ಲಿ ಚಾರಣ ಆರಂಭಿಸಿದರು.

ಬಂದೂಕು ಹಿಡಿದ ಮಾರ್ಗದರ್ಶಿಯ ಹಿಂದೆ ಸಾಲಾಗಿ, ಸದ್ದಿಲ್ಲದೆ ಸಾಗಬೇಕು. ಖಡ್ಗಮೃಗಕ್ಕೆ ದೃಷ್ಟಿ ಮಂದ. ಮೂಗು, ಕಿವಿ ಬಲು ಚುರುಕು. ಹಾಗಾಗಿ ಗಾಳಿಗೆ ಎದುರಾಗಿಯೇ ಹೆಜ್ಜೆ ಇಡಬೇಕು. ಇಲ್ಲಿರುವ ಮುನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳಲ್ಲಿ ಕೆಂಪು ಕೊಕ್ಕಿನದೊಂದು ಖಡ್ಗಮೃಗದ ಬೆನ್ನೇರಿ ಉಣ್ಣೆಗಳನ್ನು ಹೆಕ್ಕುತ್ತದೆ. ಅದು ಚೀರಿತೋ, ನಿಮ್ಮ ಸುಳಿವು ಖಡ್ಗಮೃಗಕ್ಕೆ ಸಿಕ್ಕಂತೆಯೇ!

ಹತ್ತೊಂಬತ್ತನೇ ಶತಮಾನದ ಕೊನೆಗೆ ದಕ್ಷಿಣದ ಬಿಳಿ ಖಡ್ಗಮೃಗಗಳು ನೂರಕ್ಕಿಂತ ಕಡಿಮೆ ಉಳಿದಿದ್ದವು. ಅವುಗಳ ಕೊನೆಯ ಆಸರೆ ಈ ಕಾಡು. ಕಾವಲಿನಿಂದ ಸಂತತಿ ಹೆಚ್ಚಿತು. 1960ರ ದಶಕದಲ್ಲಿ ಅರಿವಳಿಕೆ ಮದ್ದು ಕೊಟ್ಟು ಅವನ್ನು ಬೇರೆ ಕಾಡುಗಳಿಗೂ ಸಾಗಿಸಲಾಯಿತು. ಇಂದು ಎಲ್ಲೆಡೆ ಇರುವ ದಕ್ಷಿಣದ ಬಿಳಿ ಖಡ್ಗಮೃಗಗಳು ಆ ಕೆಲವೇ ಪ್ರಾಣಿಗಳ ವಂಶದವು.

ಆದರೂ ಕೊಂಬಿನಾಸೆಗೆ ಕಳ್ಳಬೇಟೆಗಾರರು 2023ರಲ್ಲಿ ಇದೊಂದೇ ಕಾಡಿನಲ್ಲಿ 300ಕ್ಕೂ ಹೆಚ್ಚು ಖಡ್ಗಮೃಗಗಳನ್ನು ಕೊಂದರು. ಮರುವರ್ಷ ಸಿಬ್ಬಂದಿಯೇ ಅವುಗಳ ಕೊಂಬು ಕತ್ತರಿಸತೊಡಗಿದರು. ಕೊಂಬು ನಮ್ಮ ಉಗುರಿನಂತೆ. ಬುಡ ಬಿಟ್ಟು ಕತ್ತರಿಸಿದರೆ ನೋವಿಲ್ಲ, ಮತ್ತೆ ಬೆಳೆಯುತ್ತದೆ.

ಮಕ್ಕಳೇ, ಮುಂದೊಂದು ದಿನ ನೀವು ಅಲ್ಲಿ ನಡೆಯುವಾಗ ಕೊಂಬಿಲ್ಲದ ಖಡ್ಗಮೃಗ ಎದುರಾದರೆ ನಗಬೇಡಿ. ಅದು ಬದುಕಿರುವುದೇ ಆ ಕಾರಣಕ್ಕೆ.