ಗಣಕಗಳ ಪ್ರಶ್ನೋತ್ತರ

ಹೈದರಾಬಾದಿನ ಮಾದಾಪುರದಲ್ಲಿ 1998ರ ನವೆಂಬರ್‌ನಲ್ಲಿ ಅಂದಿನ ಪ್ರಧಾನಮಂತ್ರಿ ಶ್ರೀ ಅಟಲ್ ಬಿಹಾರಿ ವಾಜಪೇಯಿಯವರು ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ಅಂದಿನಿಂದ ಆ ಪ್ರದೇಶವು ಮಾಹಿತಿ ತಂತ್ರಜ್ಞಾನದ ನೆಲೆಯಾಗಿ ಬೆಳೆದಿದೆ. ಇಂತಹ ಕೇಂದ್ರಗಳಲ್ಲಿ ರೂಪುಗೊಳ್ಳುವ ಅಂತರ್ಜಾಲ ಸೇವೆಗಳ ಮೂಲತತ್ತ್ವ ಸರಳವಾದುದು: ಒಂದು ಗಣಕ ಕೇಳುತ್ತದೆ, ಇನ್ನೊಂದು ಉತ್ತರಿಸುತ್ತದೆ.

ಕೇಳುವುದು ಬಳಕೆದಾರರ ಬ್ರೌಸರ್, ಉತ್ತರಿಸುವುದು ಸರ್ವರ್. ಜಾಲತಾಣದ ಹೆಸರು ಮೊದಲು ಅಂಕಿಗಳ ವಿಳಾಸವಾಗಿ ಪರಿವರ್ತನೆಗೊಳ್ಳುತ್ತದೆ. ಅನಂತರ ಎಚ್‌ಟಿಟಿಪಿ ಎಂಬ ನಿಯಮಾವಳಿಯಂತೆ ಕೋರಿಕೆ ಸಾಗುತ್ತದೆ. ಪಿಎಚ್‌ಪಿಯಂತಹ ಭಾಷೆಯಲ್ಲಿ ಬರೆದ ಆದೇಶಾವಳಿಯು ಸರ್ವರ್‌ನಲ್ಲಿ ಮಾಹಿತಿಯನ್ನು ಶೋಧಿಸಿ, ಪುಟವನ್ನು ಆ ಕ್ಷಣವೇ ಸಿದ್ಧಪಡಿಸುತ್ತದೆ. ಆದೇಶಾವಳಿ ಅಲ್ಲಿಯೇ ಉಳಿದು, ಫಲಿತಾಂಶ ಮಾತ್ರ ಬಳಕೆದಾರರನ್ನು ತಲುಪುತ್ತದೆ.

ಉತ್ತರದೊಡನೆ ಒಂದು ಸಂಖ್ಯೆಯೂ ಬರುತ್ತದೆ. 200 ಎಂದರೆ ಕೋರಿಕೆ ನೆರವೇರಿದೆ. 404 ಎಂದರೆ ಕೇಳಿದ ಪುಟ ದೊರೆತಿಲ್ಲ. 500 ಎಂದರೆ ದೋಷ ಸರ್ವರ್‌ನಲ್ಲಿದೆ.

ಕೋರಿಕೆ ಬೇರೆ, ಉತ್ತರ ಬೇರೆ ಎಂಬುದನ್ನು ಶುಲ್ಕ ಪಾವತಿಸುವಾಗ ಮರೆಯಬಾರದು. ಸಂಪರ್ಕ ನಡುವೆ ಕಡಿದರೆ, ಹಣ ಸಂದಾಯವಾಗಿದ್ದರೂ ಉತ್ತರ ಬಾರದೆ ಹೋಗಬಹುದು. ಆದುದರಿಂದ ಸಾರ್ವಜನಿಕರು ಮತ್ತೊಮ್ಮೆ ಗುಂಡಿ ಒತ್ತುವ ಮೊದಲು ತಮ್ಮ ಬ್ಯಾಂಕ್ ಖಾತೆಯನ್ನು ಪರಿಶೀಲಿಸಿಕೊಳ್ಳುವುದು ಒಳಿತು.